ತಲೆಗೂದಲ ವಿಚಾರದಲ್ಲಿ ಹುಡುಗರ ಪರವಾಗಿ

ಬೆಂಗಳೂರಿನ ಮಡಿವಾಳ ಮಾರುಕಟ್ಟೆಯ ಸುತ್ತಮುತ್ತ, ಅಯ್ಯಪ್ಪ ದೇವಸ್ಥಾನದ ಆಚೀಚೆ, ಮಾರುತಿ ನಗರ ಮತ್ತು ತಾವರೆಕೆರೆಯ ಒಳರಸ್ತೆಗಳಲ್ಲಿ ಭಾನುವಾರ ಬೆಳಗ್ಗೆ ಸಲೂನುಗಳಲ್ಲಿ ಖಾಲಿ ಕುರ್ಚಿ ಸಿಗುವುದು ಕಷ್ಟ. ಕಾದು ಕೂತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಪೀಜಿಗಳಲ್ಲಿ ಇರುವವರು, ಕಾಲೇಜಿಗೆ ಹೋಗುವವರು, ಬೈಕಿನಲ್ಲಿ ಊಟ ತಲುಪಿಸುವವರು, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು. ಅವರು ಮೊಬೈಲಿನಲ್ಲಿ ತೋರಿಸುವ ಚಿತ್ರಗಳು ಬೇರೆ ಬೇರೆ, ಕೇಳುವುದು ಮಾತ್ರ ಹೆಚ್ಚುಕಡಿಮೆ ಒಂದೇ: ಪಕ್ಕಕ್ಕೆ ಮೆಷಿನ್ ಹಾಕಿ, ಮೇಲೆ ಉದ್ದ ಬಿಡಿ, ನಡುವೆ ಎದ್ದು ನಿಲ್ಲಬೇಕು. ಒಬ್ಬ ಇದನ್ನು ಸ್ಪೈಕ್ ಅನ್ನುತ್ತಾನೆ, ಇನ್ನೊಬ್ಬ ಫೇಡ್ ಅನ್ನುತ್ತಾನೆ, ಬಾಗಲಕೋಟೆ ಕಡೆಯವನು ಹೆಬ್ಬುಲಿ ಕಟಿಂಗ್ ಅನ್ನುತ್ತಾನೆ. ಇವು ಒಂದಕ್ಕೊಂದು ತುಸು ಬೇರೆಯಾದರೂ ಮನೆತನ ಒಂದೇ. ಆ ಮನೆತನದ ಹಿರಿಯಣ್ಣನ ಹೆಸರು ಮೊಹಾಕ್, ಪಂಕ್ ಯುವಕರು ಲೋಕಕ್ಕೆಲ್ಲ ಪರಿಚಯಿಸಿದ ಉಗ್ರ ಕ್ಷೌರ. ಅದನ್ನು ಪಳಗಿಸಿ ಮಾಡಿದ ಸೌಮ್ಯ ರೂಪವೇ ಫೋಹಾಕ್.

ಈ ತಲೆಗಳನ್ನು ಕಂಡರೆ ನಮ್ಮ ಹಿರಿಯರಲ್ಲಿ ಅನೇಕರಿಗೆ ಮುಖ ಗಂಟಿಕ್ಕುತ್ತದೆ. ಕೋಳಿ ಜುಟ್ಟು ಎನ್ನುತ್ತಾರೆ. ಹುಡುಗ ಕೈತಪ್ಪಿದ, ಸಿನಿಮಾ ನೋಡಿ ಕೆಟ್ಟ, ಓದಿನ ಮೇಲೆ ಗಮನವಿಲ್ಲ, ಪರದೇಶದವರ ಅನುಕರಣೆ ಮಾಡುತ್ತಾನೆ ಎನ್ನುತ್ತಾರೆ. ಈ ಮಾತಾಡುವವರಲ್ಲಿ ತಂದೆತಾಯಿಯರಿದ್ದಾರೆ, ಮೇಷ್ಟರಿದ್ದಾರೆ. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಅವರು ಹಾಗೆ ಹೇಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಅಕ್ಕರೆಗೆ ಗೌರವ ಕೊಟ್ಟೇ ಹೇಳುತ್ತೇನೆ: ಅವರ ತೀರ್ಮಾನ ಸರಿಯಲ್ಲ. ಈ ಕ್ಷೌರ ಬಂಡಾಯವಲ್ಲ. ಮನೆ, ಕೆಲಸ, ಗೆಳೆಯರು ಮೂರನ್ನೂ ಬಿಟ್ಟುಕೊಡದೆ ಬದುಕಲು ಹುಡುಗರು ಕಂಡುಕೊಂಡ ಹೊಂದಾಣಿಕೆ ಅದು. ಇದನ್ನು ದೊಡ್ಡ ಕ್ರಾಂತಿಯೆಂದು ಹೊಗಳುವ ಇನ್ನೊಂದು ಗುಂಪಿದೆ. ಅವರ ಮಾತನ್ನೂ ನಾನು ಒಪ್ಪಲಾರೆ.

ಬಂಡಾಯ ಹೇಗಿರುತ್ತದೆ ಎಂಬುದನ್ನು ನೋಡಬೇಕಾದರೆ ನಲವತ್ತು ವರ್ಷಗಳಿಗೂ ಹಿಂದಿನ ಬ್ರಿಟನ್ನಿಗೆ ಹೋಗಬೇಕು. ಪಂಕ್ ಸಂಗೀತ 1976-77ರ ಹೊತ್ತಿಗೆ ಲಂಡನ್ನಿನಲ್ಲಿ ಸದ್ದು ಮಾಡಿತು. ಆ ದಶಕ ಮುಗಿದು 80ರ ದಶಕ ಶುರುವಾಗುವ ಹೊತ್ತಿಗೆ ಅದರ ಹುಡುಗ ಹುಡುಗಿಯರ ತಲೆಯ ಮೇಲೆ ಮೊಹಾಕ್ ಬಂದಿತ್ತು. ಎರಡೂ ಬದಿಯನ್ನು ಚರ್ಮ ಕಾಣುವಂತೆ ಬೋಳಿಸಿ, ಹಣೆಯಿಂದ ಕತ್ತಿನ ತನಕ ಒಂದು ಪಟ್ಟಿಯನ್ನಷ್ಟೇ ಉಳಿಸಿ, ಅದಕ್ಕೆ ಮೊಟ್ಟೆಯ ಬಿಳಿಯನ್ನೋ ಸಕ್ಕರೆ ನೀರನ್ನೋ ಸೋಪನ್ನೋ ಹಚ್ಚಿ ಗೇಣುದ್ದ ನಿಲ್ಲಿಸಿ, ಕೆಂಪು ಹಸಿರು ಬಣ್ಣ ಬಳಿಯುತ್ತಿದ್ದರು. ದಿ ಎಕ್ಸ್‌ಪ್ಲಾಯ್ಟೆಡ್ ತಂಡದ ಗಾಯಕ ವಾಟಿ ಬಕನ್ ಅವರ ಕೆಂಪು ಮೊಹಾಕ್ ಆ ಕಾಲದ ಗುರುತಾಗಿಯೇ ಉಳಿಯಿತು. 1982ರ ಆರಂಭದಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಹೇಗೂ ಕೆಲಸ ಸಿಗದ ಹುಡುಗ, ನೀವು ಕೊಟ್ಟರೂ ನನಗೆ ಬೇಡ ಎಂದು ತಲೆಯ ಮೂಲಕವೇ ಹೇಳುತ್ತಿದ್ದ. ಆ ತಲೆಯನ್ನು ಮುಚ್ಚಿಡುವ ಹಾಗಿರಲಿಲ್ಲ. ಬೋಳಿಸಿದ್ದು ಬೆಳೆದು ಸಮನಾಗಲು ತಿಂಗಳುಗಟ್ಟಲೆ ಬೇಕು. ಅಷ್ಟೂ ದಿನ ಬ್ಯಾಂಕಿನ ಕೌಂಟರು, ಆಫೀಸಿನ ಕುರ್ಚಿ, ನೆಂಟರ ಮದುವೆ ಎಲ್ಲದರಿಂದಲೂ ದೂರ ಉಳಿಯಬೇಕು. ಬೆಲೆ ತೆತ್ತವನ ಮಾತಿಗೆ ತೂಕವಿರುತ್ತದೆ. ಪಂಕ್ ಮೊಹಾಕಿಗೆ ಆ ತೂಕವಿತ್ತು.

ಮಡಿವಾಳದ ಹುಡುಗನ ತಲೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕ್ಷೌರದ ಮೆಷಿನ್ನಿಗೆ ಹಾಕುವ ಒಂದನೇ ನಂಬರಿನ ಗಾರ್ಡು ಸುಮಾರು 3 ಮಿಲಿಮೀಟರ್ ಕೂದಲು ಬಿಡುತ್ತದೆ, ಎರಡನೆಯದು 6 ಮಿಲಿಮೀಟರ್. ಪಕ್ಕದಲ್ಲಿ ಇಷ್ಟು ಉಳಿಸಿ, ಮೇಲಕ್ಕೆ ಹೋದಂತೆ ಉದ್ದ ಹೆಚ್ಚಿಸುತ್ತಾ, ನೆತ್ತಿಯಲ್ಲಿ ಎರಡು ಮೂರು ಇಂಚು ಬಿಟ್ಟು, ಜೆಲ್ ಅಥವಾ ವ್ಯಾಕ್ಸ್ ಹಚ್ಚಿ ಎರಡೂ ಕಡೆಯಿಂದ ನಡುವಿಗೆ ತಳ್ಳಿದರೆ ಅದು ಏಳುತ್ತದೆ. ಒಮ್ಮೆ ತಲೆಗೆ ನೀರು ಬಿದ್ದರೆ ಕೂರುತ್ತದೆ. ಬಾಚಣಿಗೆ ತೆಗೆದುಕೊಂಡು ಬೈತಲೆ ತೆಗೆದರೆ ಬ್ಯಾಂಕಿನ ಗುಮಾಸ್ತನ ತಲೆಯಾಗುತ್ತದೆ. ಹಾಗಾಗಬೇಕೆಂದೇ ಇದನ್ನು ಹೀಗೆ ಕತ್ತರಿಸುತ್ತಾರೆ. ಶನಿವಾರ ಸಂಜೆ ಎದ್ದು ನಿಲ್ಲುವ ಕೂದಲು ಸೋಮವಾರ ಬೆಳಗ್ಗೆ ಮಲಗುತ್ತದೆ. ಶುಕ್ರವಾರ ರಾತ್ರಿ ಮಡಿವಾಳದಲ್ಲಿ ಕೇರಳದ ಬಸ್ಸು ಹತ್ತುವ ಹುಡುಗ ಮರುದಿನ ಅಜ್ಜಿಯ ಮುಂದೆ ನಿಲ್ಲುವ ಹೊತ್ತಿಗೆ ಕೂದಲನ್ನು ಒಂದು ಪಕ್ಕಕ್ಕೆ ಬಾಚಿಕೊಂಡಿರುತ್ತಾನೆ. ಯಾರ ಮನಸ್ಸನ್ನೂ ನೋಯಿಸಬಾರದೆಂಬ ಎಚ್ಚರ ಆ ಕ್ಷೌರದ ಅಳತೆಯಲ್ಲೇ ಇದೆ. ಇದನ್ನು ನೋಡಿ ಉದ್ಧಟತನ ಎನ್ನುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಇದು ಇಲ್ಲಿಗೆ ಬಂದ ದಾರಿಯೂ ಸೌಮ್ಯವೇ. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ 2001ರಲ್ಲಿ ಪೂರ್ತಿ ಮೊಹಾಕ್ ಮಾಡಿಸಿಕೊಂಡಿದ್ದರು. 2002ರ ಜಪಾನ್-ಕೊರಿಯಾ ವಿಶ್ವಕಪ್ಪಿಗೆ ಬರುವಾಗ ಅದನ್ನು ಫೋಹಾಕಿಗೆ ಇಳಿಸಿದ್ದರು. ಜಪಾನಿನ ಯುವಕರು ನಕಲು ಮಾಡಿದ್ದು ಈ ಎರಡನೆಯದನ್ನು. ನಮ್ಮಲ್ಲಿ 2013ರಲ್ಲಿ ಮಹೇಂದ್ರ ಸಿಂಗ್ ಧೋನಿ ಮೊಹಾಕ್ ಹೋಲುವ ಕಟಿಂಗ್ ಮಾಡಿಸಿಕೊಂಡು ಭಾರತ ತಂಡದ ನಾಯಕತ್ವ ವಹಿಸಿದರು. ಅವರನ್ನು ಶಿಸ್ತಿಲ್ಲದವರೆಂದು ಕರೆದವರನ್ನು ನಾನು ಕಂಡಿಲ್ಲ.

ಅನುಕರಣೆಯ ಆರೋಪಕ್ಕೆ ಬರೋಣ. ಇಂದು ನಾವು ನೀಟಾದ ಕ್ಷೌರ ಎಂದು ಮಕ್ಕಳಿಗೆ ಶಿಫಾರಸು ಮಾಡುವ ಕ್ರಾಪು ಎಲ್ಲಿಯದು? ನಮ್ಮ ಮುತ್ತಜ್ಜಂದಿರ ತಲೆಯ ಮೇಲೆ ಜುಟ್ಟಿತ್ತು, ಚಂಡಿಕೆಯಿತ್ತು. ಇಂಗ್ಲಿಷ್ ಶಾಲೆಗಳು, ಕಚೇರಿಗಳು ಬಂದ ಮೇಲೆ ಹುಡುಗರು ಜುಟ್ಟು ಕತ್ತರಿಸಿ ಕ್ರಾಪು ಬಿಟ್ಟಾಗ ಎಷ್ಟೋ ಮನೆಗಳಲ್ಲಿ ದೊಡ್ಡ ರಂಪವಾಯಿತು. ಧರ್ಮ ಕೆಟ್ಟಿತು, ಜಾತಿ ಕೆಟ್ಟಿತು ಎಂದರು. ಇವತ್ತು ಫೋಹಾಕಿನ ಬಗ್ಗೆ ಆಡುವ ಮಾತುಗಳೇ ಅಂದು ಕ್ರಾಪಿನ ಬಗ್ಗೆ ಬಂದಿದ್ದವು. ಆ ಕ್ರಾಪು ಗೆದ್ದು, ಮನೆಯದೇ ಆಗಿ, ಈಗ ನಮ್ಮ ಸಂಸ್ಕೃತಿಯ ಪ್ರತಿನಿಧಿಯಾಗಿ ಹೊಸದರ ಎದುರು ನಿಂತಿದೆ. 70ರ ದಶಕದಲ್ಲಿ ಕಿವಿ ಮುಚ್ಚುವ ಕೂದಲು, ದಪ್ಪ ಕೆನ್ನೆಗೂದಲು ಬಿಟ್ಟು ಹಿಪ್ಪಿ ಎಂದು ಬೈಸಿಕೊಂಡವರು ಇಂದಿನ ಹುಡುಗರ ತಾತಂದಿರು. ಅವರ ಮದುವೆಯ ಫೋಟೋಗಳು ಮನೆಯ ಗೋಡೆಯ ಮೇಲೆ ಈಗಲೂ ಇವೆ. ಯಾರಿಗೂ ಅವು ಅವಮಾನವೆನಿಸುವುದಿಲ್ಲ.

ಶಿಸ್ತಿನ ವಾದ ಇನ್ನೂ ವಿಚಿತ್ರ. ಪಕ್ಕ ಬೋಳಿಸಿ ಮೇಲೆ ಬಿಡುವ ಪದ್ಧತಿಯ ಒಂದು ಬೇರು ಸೈನ್ಯದಲ್ಲಿದೆ. ಪೊಲೀಸ್ ಕಟಿಂಗ್, ಮಿಲಿಟರಿ ಕಟಿಂಗ್ ಎಂದು ನಾವು ಮೆಚ್ಚುವುದೂ ಪಕ್ಕಕ್ಕೆ ಮೆಷಿನ್ ಹಾಕಿದ ಕಟಿಂಗೇ. ಅಷ್ಟೇ ಏಕೆ, 1944ರ ಜೂನಿನಲ್ಲಿ ನಾರ್ಮಂಡಿಗೆ ಪ್ಯಾರಾಚೂಟಿನಲ್ಲಿ ಇಳಿದ ಅಮೆರಿಕದ 101ನೇ ಏರ್‌ಬೋರ್ನ್ ಡಿವಿಷನ್ನಿನ ಕೆಲವು ಸೈನಿಕರು ಹಿಂದಿನ ದಿನ ಒಬ್ಬರಿಗೊಬ್ಬರು ಮೊಹಾಕ್ ಬೋಳಿಸಿಕೊಂಡಿದ್ದರು. ಆ ಫೋಟೋಗಳು ಜಗತ್ಪ್ರಸಿದ್ಧ. ಕೂದಲ ಆಕಾರಕ್ಕೂ ಮನಸ್ಸಿನ ಶಿಸ್ತಿಗೂ ಇರುವ ನಂಟು ನಾವು ಅಂದುಕೊಂಡಷ್ಟು ಗಟ್ಟಿಯಲ್ಲ.

ನನ್ನ ಭಿನ್ನಾಭಿಪ್ರಾಯ ತೀವ್ರವಾಗುವುದು ಶಾಲೆಗಳು ಈ ವಿಷಯಕ್ಕೆ ಕೈಹಾಕಿದಾಗ. 2017ರಲ್ಲಿ ಸುದೀಪ್ ಅವರ 'ಹೆಬ್ಬುಲಿ' ಚಿತ್ರ ಬಂತು. ಎರಡೂ ಪಕ್ಕ ಸಣ್ಣಗೆ, ಮೇಲೆ ಉದ್ದವಾಗಿ ಬಿಟ್ಟ ಅವರ ತಲೆ ಹಳ್ಳಿಹಳ್ಳಿಯ ಹುಡುಗರಿಗೆ ಹಿಡಿಸಿತು. ಚಿತ್ರ ಬಂದು ಆರು ವರ್ಷವಾದರೂ ಆ ಕಟಿಂಗಿನ ಮೋಹ ಇಳಿದಿರಲಿಲ್ಲ. 2023ರ ಜುಲೈನಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಊರಿನ ಸಲೂನಿನವರಿಗೆ ಪತ್ರ ಬರೆದು, ವಿದ್ಯಾರ್ಥಿಗಳಿಗೆ ಹೆಬ್ಬುಲಿ ಕಟಿಂಗ್ ಮಾಡಬೇಡಿ ಎಂದು ಕೋರಿದರು. ಪತ್ರ ರಾಜ್ಯದ ತುಂಬ ಸುದ್ದಿಯಾಯಿತು. ಬಹಳ ಜನ ಶಹಬಾಸ್ ಎಂದರು. ಆ ಮೇಷ್ಟರ ಬಗ್ಗೆ ನನಗೆ ಗೌರವವಿದೆ. ಮಕ್ಕಳನ್ನು ಹೊಡೆಯದೆ, ಕತ್ತರಿ ಹಿಡಿದು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲದೆ, ವಿನಯದಿಂದ ಕಾಗದ ಬರೆದರು. ಎಷ್ಟೋ ಕಡೆ ಹೀಗಾಗುವುದಿಲ್ಲ. ಎಲ್ಲರ ಎದುರು ಹುಡುಗನ ಮುಂಗೂದಲನ್ನು ಅಡ್ಡಾದಿಡ್ಡಿ ಕತ್ತರಿಸಿ ಕಳಿಸುವ ಶಿಕ್ಷೆ ನಮ್ಮ ಶಾಲೆಗಳಲ್ಲಿ ನಡೆದುಕೊಂಡು ಬಂದಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದು ಇಂಥ ನಡತೆಯನ್ನು ತಡೆಯಲೆಂದೇ.

ಆದರೂ ಕಾಗದದ ಹಿಂದಿರುವ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕೂದಲು ಬಾಚುವುದರಲ್ಲೇ ಹೊತ್ತು ಕಳೆಯುವ ಹುಡುಗನಿಗೆ ಪಾಠದಲ್ಲಿ ಆಸಕ್ತಿಯಿಲ್ಲ ಎಂಬುದು ನಿಜವಿರಬಹುದು. ಕೂದಲು ಕತ್ತರಿಸಿದರೆ ಆಸಕ್ತಿ ಹುಟ್ಟುತ್ತದೆ ಎಂಬುದು ಮಾತ್ರ ಹುಸಿ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗನಿಗೆ ತನ್ನದು ಎನ್ನಲು ಇರುವುದು ಬಹಳ ಕಡಿಮೆ. ಬಟ್ಟೆ ಸಮವಸ್ತ್ರದ್ದು, ಹೊತ್ತು ಶಾಲೆಯದು, ದುಡ್ಡು ಅಪ್ಪನದು, ಮನೆಯಲ್ಲಿ ಅವನಿಗೊಂದು ಕೋಣೆಯೂ ಇರುವುದಿಲ್ಲ. ತಲೆಯೊಂದು ಅವನದು. ಅದರ ಮೇಲೆ ಅವನು ಮಾಡಿಕೊಳ್ಳುವ ಸಣ್ಣ ಆಯ್ಕೆಯಿಂದ ಶಾಲೆಗೆ ಆಗುವ ನಷ್ಟವೇನು ಎಂದು ಯೋಚಿಸಿದಷ್ಟೂ ನನಗೆ ಉತ್ತರ ಸಿಗುವುದಿಲ್ಲ.

ಶಾಲೆ ಮಕ್ಕಳ ಕೂದಲಿಗೆ ಕೈಹಾಕಿದ ಇತಿಹಾಸ ಮೊಹಾಕ್ ಎಂಬ ಹೆಸರಿನ ಹಿಂದೆಯೂ ಇದೆ. ಆ ಹೆಸರು ಒಂದು ಜನಾಂಗದ್ದು. ಈಗಿನ ನ್ಯೂಯಾರ್ಕ್ ರಾಜ್ಯ ಮತ್ತು ಕೆನಡಾದ ಒಂಟಾರಿಯೊ, ಕ್ವಿಬೆಕ್ ಪ್ರಾಂತ್ಯಗಳಲ್ಲಿರುವ ಮೂಲನಿವಾಸಿಗಳು ಅವರು. ಅವರ ಯೋಧರು ಹಣೆಯಿಂದ ಕತ್ತಿನವರೆಗೆ ಪಟ್ಟಿ ಬಿಡುತ್ತಿರಲಿಲ್ಲ. ಉಳಿದ ಕೂದಲನ್ನು ಕಿತ್ತು ನೆತ್ತಿಯ ಹಿಂಭಾಗದಲ್ಲಿ ಒಂದು ಚೌಕ ಉಳಿಸುತ್ತಿದ್ದರು. ಪಂಕ್ ತಲೆಗಿಂತ ನಮ್ಮ ಹಳೆಯ ಜುಟ್ಟಿಗೇ ಅದು ಹತ್ತಿರ. ಈ ಜನರ ಮಕ್ಕಳನ್ನು ಒಳಗೊಂಡು ಉತ್ತರ ಅಮೆರಿಕದ ಮೂಲನಿವಾಸಿ ಮಕ್ಕಳನ್ನು ಸರ್ಕಾರ ಮತ್ತು ಚರ್ಚುಗಳು ವಸತಿ ಶಾಲೆಗಳಿಗೆ ಸೇರಿಸಿದವು. ಅಮೆರಿಕದ ಕಾರ್ಲೈಲ್ ಶಾಲೆ ಶುರುವಾದದ್ದು 1879ರಲ್ಲಿ. ಒಂಟಾರಿಯೊದ ಬ್ರಾಂಟ್‌ಫರ್ಡಿನಲ್ಲಿದ್ದ ಮೊಹಾಕ್ ಇನ್‌ಸ್ಟಿಟ್ಯೂಟ್ ಮುಚ್ಚಿದ್ದು 1970ರಲ್ಲಿ. ಇಂಥ ಶಾಲೆಗಳು ಮಗು ಬಾಗಿಲಿಗೆ ಬಂದೊಡನೆ ಮೊದಲು ಮಾಡುತ್ತಿದ್ದ ಕೆಲಸಗಳಲ್ಲೊಂದು ಕೂದಲು ಕತ್ತರಿಸುವುದು. ಅದನ್ನೂ ಶಿಸ್ತು, ಶುಚಿ, ನಾಗರಿಕತೆ ಎಂದೇ ಕರೆದರು. 2008ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಈ ಶಾಲೆಗಳ ಬಗ್ಗೆ ಕ್ಷಮೆ ಕೇಳಿದರು. ಬಾಗಲಕೋಟೆಯ ಸಜ್ಜನ ಮೇಷ್ಟರನ್ನು ಆ ಶಾಲೆಗಳ ಪಕ್ಕದಲ್ಲಿ ನಿಲ್ಲಿಸುವುದು ನನ್ನ ಉದ್ದೇಶ ಖಂಡಿತ ಅಲ್ಲ. ಮಕ್ಕಳ ತಲೆಯ ಮೇಲೆ ಸಂಸ್ಥೆಯೊಂದು ಹಕ್ಕು ಸಾಧಿಸಿದಾಗ ಅದು ಯಾವ ಮಾತುಗಳನ್ನು ಆಡುತ್ತದೆ ಎಂಬುದನ್ನು ಗಮನಿಸಿ ಎಂದಷ್ಟೇ ಹೇಳುತ್ತಿದ್ದೇನೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ವಿಧವೆಯ ತಲೆ ಬೋಳಿಸುವ ಪದ್ಧತಿಯನ್ನು ಚಿತ್ರಿಸಿದ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಓದಿದವರಿಗೆ, ಪ್ರೇಮಾ ಕಾರಂತರು ಅದನ್ನು ಆಧರಿಸಿ ಮಾಡಿದ ಚಿತ್ರವನ್ನು ನೋಡಿದವರಿಗೆ, ಒಬ್ಬರ ತಲೆಯ ಬಗ್ಗೆ ಇನ್ನೊಬ್ಬರು ತೀರ್ಮಾನಿಸುವುದು ನಮ್ಮ ಮನೆಗಳೊಳಗೇ ಎಂಥ ಕ್ರೌರ್ಯವಾಗಿತ್ತು ಎಂದು ಗೊತ್ತು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿ. ಸಲೂನಿನ ಕುರ್ಚಿಯಲ್ಲಿ ಕೂತು ಇಂಥ ಕಟಿಂಗ್ ಬೇಕು ಎಂದು ಕೇಳುವುದು ಎಲ್ಲರಿಗೂ ಸಿಕ್ಕ ಸೌಕರ್ಯವಲ್ಲ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ, ಅಂಗಡಿ ಮುಂಗಟ್ಟುಗಳಿಗೆ ಹೋಗಲು ಯಾರನ್ನೂ ತಡೆಯಬಾರದು ಎಂಬ ವಿಧಿಯ ಚರ್ಚೆ ನಡೆದಾಗ, ಅಂಗಡಿ ಎಂದರೆ ಏನೆಂಬ ಪ್ರಶ್ನೆ ಬಂತು. ಕೇಳಿಕೊಂಡು ಬಂದ ಯಾರಿಗಾದರೂ ಸೇವೆ ಒದಗಿಸಲು ತೆರೆದಿಟ್ಟ ಜಾಗವೆಲ್ಲ ಅಂಗಡಿಯೇ ಎಂಬ ಅರ್ಥದಲ್ಲಿ ಅಂಬೇಡ್ಕರ್ ಅದನ್ನು ಅತ್ಯಂತ ವಿಶಾಲವಾಗಿ ವಿವರಿಸಿದರು. ಕ್ಷೌರದಂಗಡಿಯೂ ಅದರೊಳಗೆ ಬಂತು. ಇಂದು ಸಂವಿಧಾನದ 15ನೇ ವಿಧಿಯ ಎರಡನೇ ಉಪವಿಧಿ ಅದೇ.

ಅಷ್ಟಾಗಿಯೂ 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ಕ್ಷೌರಿಕನೊಬ್ಬನ ಕುಟುಂಬಕ್ಕೆ ದಂಡ, ಬಹಿಷ್ಕಾರ ಹಾಕಿದ್ದು ವರದಿಯಾಯಿತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಸಂಗನಾಳದಲ್ಲಿ ಕ್ಷೌರದ ವಿಚಾರಕ್ಕೆ ಎದ್ದ ಜಗಳದಲ್ಲಿ ದಲಿತ ಯುವಕನೊಬ್ಬ ಜೀವ ಕಳೆದುಕೊಂಡ. 2025ರಲ್ಲಿ ಬಂದ 'ಹೆಬ್ಬುಲಿ ಕಟ್' ಎಂಬ ಕನ್ನಡ ಚಿತ್ರ, ಆ ಕಟಿಂಗಿಗೆ ಆಸೆಪಟ್ಟ ಹುಡುಗನೊಬ್ಬನಿಗೆ ಜಾತಿ ಅಡ್ಡ ಬರುವುದನ್ನೇ ಕಥೆಯಾಗಿಸಿತು. ಹಲ್ಲರೆಯ ಸುದ್ದಿಯಲ್ಲಿ ಗಮನಿಸಬೇಕಾದದ್ದು, ಅಲ್ಲಿ ಕ್ಷೌರಿಕ ಒಳ್ಳೆಯದನ್ನೇ ಮಾಡಿದ್ದ, ಅವನನ್ನು ಊರಿನ ಬಲಾಢ್ಯರು ಶಿಕ್ಷಿಸಿದರು. ಕ್ಷೌರಿಕ ಸಮುದಾಯವಾದ ಸವಿತಾ ಸಮಾಜದವರು ಸ್ವತಃ ಕೀಳುಗಣನೆಯನ್ನು ಉಂಡವರು. ಮದುವೆಯಲ್ಲಿ ಮಂಗಳವಾದ್ಯ ನುಡಿಸಲು ಅವರು ಬೇಕು, ಬೆಳಗ್ಗೆ ಎದುರಿಗೆ ಬಂದರೆ ಅಪಶಕುನ ಎಂಬ ಕಾಲ ತೀರಾ ಹಳೆಯದಲ್ಲ. ಯಾರಿಗೆ ಏನು ಕತ್ತರಿಸಬೇಕು, ಯಾರಿಗೆ ಕತ್ತರಿಸಬಾರದು ಎಂದು ಊರು ಅವರಿಗೆ ತಲೆತಲಾಂತರದಿಂದ ಅಪ್ಪಣೆ ಕೊಡುತ್ತಾ ಬಂದಿದೆ. ಆ ಅಪ್ಪಣೆಗಳ ಸಾಲಿಗೆ ಶಾಲೆಯೂ ಒಂದನ್ನು ಸೇರಿಸಬಾರದು ಎಂಬುದು ನನ್ನ ಕಳಕಳಿ.

ಮಡಿವಾಳದ ಸಲೂನು ನನಗೆ ಮಹತ್ವದ ಜಾಗವಾಗಿ ಕಾಣುವುದು ಈ ಹಿನ್ನೆಲೆಯಲ್ಲಿ. ಕತ್ತರಿ ಹಿಡಿದವನು ಉತ್ತರ ಪ್ರದೇಶದವನಿರಬಹುದು, ತಮಿಳುನಾಡಿನವನಿರಬಹುದು, ಕೋಲಾರದವನಿರಬಹುದು. ಕೂತವನು ಕಣ್ಣೂರಿನವನೋ ಕೊಪ್ಪಳದವನೋ ಅವನಿಗೆ ಗೊತ್ತಿಲ್ಲ, ಗೊತ್ತಾಗಬೇಕಿಲ್ಲ. ಜಾತಿ ಕೇಳುವುದಿಲ್ಲ, ಎಷ್ಟನೇ ನಂಬರ್ ಮೆಷಿನ್ ಎಂದು ಕೇಳುತ್ತಾನೆ. ಊರಿನಲ್ಲಿ ಅಪ್ಪ ಮರದ ಕೆಳಗೆ ತನ್ನವರಿಂದಲೇ ಕ್ಷೌರ ಮಾಡಿಸಿಕೊಂಡ ಮನೆಯ ಹುಡುಗ, ಇಲ್ಲಿ ತಿರುಗುವ ಕುರ್ಚಿಯಲ್ಲಿ ಕೂತು, ಎಲ್ಲರಿಗೂ ಹೊದಿಸುವ ಬಟ್ಟೆಯನ್ನೇ ಹೊದ್ದು, ಕನ್ನಡಿಯಲ್ಲಿ ನೋಡಿಕೊಂಡು, ಪಕ್ಕ ಇನ್ನೂ ಸ್ವಲ್ಪ ತೆಗೀರಿ ಅಣ್ಣ ಎನ್ನುತ್ತಾನೆ. ಆ ಹುಡುಗನ ಎದ್ದು ನಿಂತ ಕೂದಲಿನಲ್ಲಿ ಕೋಳಿಯನ್ನು ಕಾಣುವವರು ಅದರ ಹಿಂದಿನ ದಾರಿಯನ್ನೂ ಒಮ್ಮೆ ಕಾಣಬೇಕು.

ಕ್ಷೌರಿಕರ ಅನ್ನದ ಲೆಕ್ಕವೂ ಇದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಪಕ್ಕದಲ್ಲಿ ಬರೀ 3 ಮಿಲಿಮೀಟರ್ ಬಿಟ್ಟ ತಲೆ ಮೂರು ವಾರದಲ್ಲಿ ಆಕಾರ ಕಳೆದುಕೊಳ್ಳುತ್ತದೆ. ಸಾದಾ ಕ್ರಾಪಿನವನು ಒಂದೂವರೆ ಎರಡು ತಿಂಗಳು ದೂಡಿದರೆ ಈ ಹುಡುಗ ಅಷ್ಟರಲ್ಲಿ ಎರಡು ಮೂರು ಸಲ ಬಂದಿರುತ್ತಾನೆ. 2020ರ ಲಾಕ್‌ಡೌನಿನಲ್ಲಿ ಸಲೂನುಗಳೆಲ್ಲ ಮುಚ್ಚಿದಾಗ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ಮತ್ತು ಬಟ್ಟೆ ಒಗೆಯುವ 60,000 ಮಡಿವಾಳರಿಗೆ ತಲಾ ₹5,000 ಘೋಷಿಸಿತ್ತು. ಒಮ್ಮೆ ಕೊಡುವ ಆ ಹಣದಲ್ಲಿ ಅಂಗಡಿಯ ಬಾಡಿಗೆಯೇ ತೀರುವುದು ಕಷ್ಟವಿತ್ತು. ಅಂಥ ಕಸುಬಿಗೆ ಈ ಹೊಸ ಕಟಿಂಗುಗಳು ತಪ್ಪದೆ ಬರುವ ಗಿರಾಕಿಗಳನ್ನು ಕೊಟ್ಟಿವೆ, ಕೈಚಳಕಕ್ಕೆ ಬೆಲೆ ತಂದಿವೆ. ಪಕ್ಕದಿಂದ ಮೇಲಕ್ಕೆ ಗೆರೆ ಕಾಣದಂತೆ ಉದ್ದ ಏರಿಸುವುದು ಸುಲಭದ ಕೆಲಸವಲ್ಲ.

ಎದುರು ಪಕ್ಷದವರ ಮಾತಿನಲ್ಲಿ ಒಪ್ಪಬೇಕಾದದ್ದೂ ಇದೆ. ಮನೆಯಲ್ಲಿ ಕಷ್ಟವಿರುವಾಗ ಹದಿನೈದು ದಿನಕ್ಕೊಮ್ಮೆ ಸಲೂನಿಗೆ, ತಿಂಗಳಿಗೊಂದು ಜೆಲ್ ಡಬ್ಬಿಗೆ ದುಡ್ಡು ಕೇಳುವ ಮಗನಿಗೆ ತಂದೆ ಬುದ್ಧಿ ಹೇಳಲಿ, ಅದು ಮನೆಯ ಮಾತು. ಕಣ್ಣಿಗೆ ಬೀಳುವ ಕೂದಲನ್ನು ಪ್ರಯೋಗಾಲಯದಲ್ಲಿ ಹಿಂದಕ್ಕೆ ಕಟ್ಟಿಕೊಳ್ಳಲು ಹೇಳುವುದು ಸರಿ. ಅದಕ್ಕಿಂತ ದೊಡ್ಡ ಅಪಾಯದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಹಾಕಿದರೆ ಹೆಪಟೈಟಿಸ್ ಬಿ ಹರಡಬಹುದು. ಶುಚಿ ಮಾಡದ ಮೆಷಿನ್ನಿನಿಂದ ತಲೆಗೆ ಹುಳುಕಡ್ಡಿ ಅಂಟಬಹುದು. ಮಗ ಸಲೂನಿನಿಂದ ಬಂದಾಗ ಇದೇನು ಅವತಾರ ಎಂದು ಕೇಳುವ ನಾವು, ಹೊಸ ಬ್ಲೇಡ್ ಹಾಕಿದರಾ ಎಂದು ಕೇಳುವುದೇ ಇಲ್ಲ.

ಆದ್ದರಿಂದ ಊರಿನ ಕ್ಷೌರದಂಗಡಿಗೆ ಕಾಗದ ಬರೆಯುವ ಮನಸ್ಸಿರುವ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ: ದಯವಿಟ್ಟು ಬರೆಯಿರಿ. ನಮ್ಮ ಶಾಲೆಯ ಪ್ರತಿ ಮಗುವಿಗೂ ಹೊಸ ಬ್ಲೇಡ್ ಬಳಸಿ ಎಂದು ಬರೆಯಿರಿ. ಮೆಷಿನ್ ಮತ್ತು ಬಾಚಣಿಗೆಯನ್ನು ಪ್ರತಿ ಸಲ ಶುಚಿ ಮಾಡಿ ಎಂದು ಬರೆಯಿರಿ. ಯಾವ ಕೇರಿಯ ಮಗು ಬಂದರೂ ಅದೇ ಕುರ್ಚಿಯಲ್ಲಿ ಕೂರಿಸಿ, ಅದೇ ಬಟ್ಟೆ ಹೊದಿಸಿ, ಕೇಳಿದ ಕಟಿಂಗ್ ಮಾಡಿ, ಇದಕ್ಕಾಗಿ ಯಾರಾದರೂ ನಿಮ್ಮನ್ನು ಹೆದರಿಸಿದರೆ ಶಾಲೆ ನಿಮ್ಮ ಬೆನ್ನಿಗಿರುತ್ತದೆ ಎಂದು ಬರೆಯಿರಿ. ಕಾಗದದ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕಳಿಸಿ, ಬಂದ ದಿನಾಂಕ ಬರೆಸಿ ಸ್ವೀಕೃತಿ ಪಡೆಯಿರಿ.